ತುಂಬಿದ ಕೊಡ

ಸೆವ್ರಿನ್ ಬಾಯಿಯ ಫೋನು ಬಂದಾಗ ನಾನು
ಮುಹರ್ರಖ್‌ನ ಒಂದು ತಾರಸಿಯ ಮೇಲೆ
ಯಾರದೋ ಏಸಿಯ ಹೊಟ್ಟೆ ಬಗೆದು ಕೂತಿದ್ದೆ.
"ಪುತಾ, ಈಮೇಲು ಬಾಯಿ ಬಿಡುತ್ತಿಲ್ಲ.
ನಿನ್ನೆ ರಾತ್ರಿ ಸರಿ ಇತ್ತು. ನಾನೇನೂ ಮುಟ್ಟಲಿಲ್ಲ, ದೇವರಾಣೆ."
ಏನೂ ಮುಟ್ಟದವರ ಮನೆಗೇ
ನಾನು ಹೆಚ್ಚು ಸಲ ಸ್ಕ್ರೂಡ್ರೈವರ್ ಹಿಡಿದು ಹೋಗುವುದು.

ನಾನು ತಂಪಿನ ಮೆಕ್ಯಾನಿಕ್ಕು, ಕಂಪ್ಯೂಟರು ಓದಿದವನಲ್ಲ.
ಆದರೆ ಈ ಗಲ್ಲಿಯಲ್ಲಿ
ಪ್ಲಗ್ಗಿಗೆ ಸಿಕ್ಕಿಸುವುದೆಲ್ಲ ನನ್ನದೇ ಜಾತಿ:
ಮಿಕ್ಸಿ, ಇಸ್ತ್ರಿ, ಕ್ರಿಸ್ಮಸ್ಸಿನ ದೀಪದ ಸರ.

ಮೊದಲು ಬೆನ್ನು ಬಿಚ್ಚಿ ಧೂಳು ಊದಿದೆ.
ಇಲ್ಲಿನ ಧೂಳು ಜರಡಿ ಹಿಡಿದ ಹಿಟ್ಟಿನ ಹಾಗೆ,
ಬಾಯಲ್ಲಿ ಉಪ್ಪುಪ್ಪು.
ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚಿದೆ;
ನಮ್ಮ ಕಸುಬಿನ ಅರ್ಧ ಸಂಪಾದನೆ ಆ ಹತ್ತರಿಂದಲೇ.
ಲಕೋಟೆಯ ಚಿತ್ರಕ್ಕೆ ಎರಡು ಸಲ ಕುಟುಕಿದರೆ
ಹಣೆ ತೋರಿಸುತ್ತದೆ,
ಸಾಲ ಕೊಟ್ಟವನನ್ನು ಬಾಗಿಲಲ್ಲಿ ಕಂಡ ಹಾಗೆ
ಒಳಗೆ ಸರಿಯುತ್ತದೆ.

ಒಳಗೆ ಇದೆ. ಓಡುತ್ತಿರುವವರ ಪಟ್ಟಿಯಲ್ಲಿ ಹೆಸರಿದೆ,
ಅದೂ ಏಳು ಸಲ.
ಬಾಯಿ ಏಳು ಸಲ ಕುಟುಕಿ ಕಾದಿದ್ದರು.

ವಿಮಾನವೊಂದು ತಲೆಯ ಮೇಲೆಯೇ ಇಳಿಯಿತು.
ಕಪಾಟಿನ ಲೋಟಗಳು ಮಾತಾಡಿಕೊಂಡವು.

ಒಂದು ಗಂಟೆ ಬೆವರಿದ ಮೇಲೆ ರೋಗ ಸಿಕ್ಕಿತು:
ಪತ್ರಗಳ ಕಡತ ಎರಡು ಜಿಬಿಯ ಗೆರೆ ಮುಟ್ಟಿದೆ.
ತುಂಬಿದ ಕೊಡ ತುಳುಕುವುದಿಲ್ಲ ಎಂದು
ಗಂಗೊಳ್ಳಿಯ ಶಾಲೆಯಲ್ಲಿ ಹತ್ತು ಸಲ ಕಾಪಿ ಬರೆಸಿದ್ದರು.
ತೆರೆಯುವುದೂ ಇಲ್ಲ ಎಂದು ಯಾರೂ ಹೇಳಿರಲಿಲ್ಲ.

"ಇಷ್ಟೊಂದು ಏನು ತುಂಬಿದ್ದೀರಿ ಬಾಯಿ?"
"ನನ್ನದು ಏನಿದೆ ಅದರಲ್ಲಿ" ಎಂದರು.

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಟೈಪು ಮಾಡಿ ಸವೆದ ಬೆರಳು.
ಗುರುವಾರ ಸಂಜೆಗಳಲ್ಲಿ, ಈ ಸ್ಟೂಲಿನ ಮೇಲೆ,
ಬರೆಯಲು ಬಾರದವರು, ಬಂದರೂ ಕೈ ನಡುಗುವವರು
ಕೂತು ಹೇಳಿದ್ದನ್ನೆಲ್ಲ ಹೊಡೆದು ಕಳಿಸಿದ್ದಾರೆ.
ಪಾಸ್‌ಪೋರ್ಟು ಕೊಡಿ ಎಂದು ಅರಬಾಬನಿಗೆ ಬಿನ್ನಹ.
ಬೈಂದೂರಿನ ಬೋಟಿನವನು ಹೆಂಡತಿಗೆ ಬರೆಸಿದ ಎರಡೇ ಮಾತು:
ಸಿಟ್ಟು ಇಳಿಯಿತು. ಟಿವಿ ತಗೋ.
ಅಪ್ಪ ಇನ್ನೂ ಎತ್ತಿಕೊಳ್ಳದ ಮಗುವಿನ ಫೋಟೊ, ಐದೈದು ಎಂಬಿ,
ಅದೇ ಮಗು, ಅದೇ ಟೋಪಿ, ಹನ್ನೊಂದು ಸಲ.
ಶವದ ಪೆಟ್ಟಿಗೆ ಊರಿಗೆ ಕಳಿಸಲು ದೂತಾವಾಸಕ್ಕೆ ಹೋದ ಪತ್ರ ಆರು,
ಬಂದ ಉತ್ತರ ಎರಡು.

ಒಂದು ಪುಟ್ಟ ಕತ್ತರಿ ಪ್ರೋಗ್ರಾಮು ಸಿಕ್ಕಿತು.
ಇಪ್ಪತ್ತೈದು ಎಂಬಿ ತರಿದರೆ ಬಾಗಿಲು ತೆಗೆಯುತ್ತದಂತೆ.
ಯಾವ ಇಪ್ಪತ್ತೈದು ಎಂದು ಅದು ಹೇಳುವುದಿಲ್ಲ.
ಹೆಚ್ಚಾದ ಗ್ಯಾಸು ನಾನೂ ಬಿಡುತ್ತೇನೆ, ಸುಂಯ್ ಎಂದು;
ಯಾವ ಗ್ಯಾಸು ಹೋಯಿತು ಎಂದು ಇವತ್ತಿನವರೆಗೆ
ಯಾರೂ ಕೇಳಿಲ್ಲ.

ಬಾಯಿ ಕೇಳಿದರು: "ಯಾರದ್ದು ಹೋಗುತ್ತದೆ?"
"ಗೊತ್ತಾಗುವುದಿಲ್ಲ."
"ಈಗಲೋ? ಹೋದ ಮೇಲೋ?"
"ಎರಡೂ."
"ಹಾಗಾದರೆ ನನ್ನ ತಂಗಿಯದ್ದು ಕತ್ತರಿಸು. ಬರೀ ಆಸ್ತಿಯ ಜಗಳ."
ತೆರೆಯದೆ ಆರಿಸುವ ಹಾಗಿಲ್ಲ,
ಕತ್ತರಿಸದೆ ತೆರೆಯುವ ಹಾಗಿಲ್ಲ ಎಂದು ವಿವರಿಸುತ್ತಾ
ನನಗೇ ನಾಚಿಕೆಯಾಯಿತು.

ಅವರು ಒಳಗೆ ಹೋದರು. ಬಹಳ ಹೊತ್ತು
ಲಿಂಬೆಹಣ್ಣು ಹಿಂಡುವ ಸದ್ದು. ಶರಬತ್ತು ಬಂತು, ಒಂದೇ ಲೋಟ.
"ಮಾಡು" ಎಂದು ಗೋಡೆಯ ಕಡೆ ತಿರುಗಿ ಕೂತರು.

ಇಡಿಯಾದದ್ದನ್ನು ಮೊದಲು ಒಂದು ಡಿವಿಡಿಗೆ ಇಳಿಸಿಕೊಟ್ಟೆ.
ಅದರಲ್ಲಿ ಎಲ್ಲವೂ ಇದೆ, ತೆರೆಯುವುದಿಲ್ಲ ಅಷ್ಟೆ.
ಸ್ವೆಟರಿನ ಕೆಳಗೆ ಇಟ್ಟುಕೊಂಡರು,
ಈ ಊರಲ್ಲಿ ಎರಡು ತಿಂಗಳು ಬೇಕಾಗುವ ಸ್ವೆಟರು.

ಕಂಪ್ಯೂಟರಿನಲ್ಲಿದ್ದದ್ದು ತೆರೆಯಿತು.
ಮೊದಲು ಬಿದ್ದ ಹೊಸ ಪತ್ರ, ಅಗ್ಗದ ಗಡಿಯಾರದ ಜಾಹೀರಾತು.
ಬಾಯಿ ಅದನ್ನು ಮೇಲಿಂದ ಕೆಳಗೆ ಪೂರ್ತಿ ಓದಿದರು.

ಇಳಿಯುವಾಗ ಮೆಟ್ಟಿಲ ಮೇಲೆ ಒಬ್ಬ ಕಾಯುತ್ತಿದ್ದ,
ಚಪ್ಪಲಿ ಬಿಚ್ಚಿಟ್ಟು, ಜೇಬಿನಲ್ಲಿ ಮಡಿಸಿದ ಚೀಟಿ.
"ಸರಿಯಾಯಿತಾ ಅಣ್ಣ, ತೆರೀತಾ?"
ತೆರೆಯಿತು ಎಂದೆ.
ಟೂಲ್ಸಿನ ಚೀಲ ಹೆಗಲು ಬದಲಿಸಿದೆ.